ನೂರು ಪುಟದ್ದೋ, ಇನ್ನೂರು ಪುಟದ್ದೋ? ಜೂನ್ ಖರೀದಿಗೆ ಹೊರಡುವ ಮುನ್ನ

ಮೇ ಕೊನೆಯ ವಾರ ಬಂತೆಂದರೆ ಶಾಲೆಯ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿ ಬಂದು ಬೀಳುತ್ತದೆ. ಇನ್ನೂರು ಪುಟದ ನೋಟ್‌ಬುಕ್ ಆರು, ನಾಲ್ಕು ಗೆರೆಯದು ಒಂದು, ಚೌಕುಳಿಯದು ಒಂದು, ಬ್ರೌನ್ ಪೇಪರ್, ಲೇಬಲ್, ಕಂಪಾಸ್ ಬಾಕ್ಸ್, ಕೊನೆಗೆ ಒಂದು "ಇತ್ಯಾದಿ". ಎಷ್ಟು ಬೇಕು ಅಂತ ಪಟ್ಟಿ ಹೇಳುತ್ತದೆ. ಎಂಥದ್ದು ಬೇಕು ಅಂತ ಹೇಳುವುದಿಲ್ಲ. ಅಂಗಡಿಗೆ ಹೋದರೆ ಅದೇ ನೋಟ್‌ಬುಕ್ಕಿನಲ್ಲಿ ಹತ್ತು ಬಗೆ. ಮಕ್ಕಳು ರಟ್ಟಿನ ಮೇಲಿನ ಚಿತ್ರ ನೋಡುತ್ತಾರೆ, ದೊಡ್ಡವರು ಬೆಲೆ ನೋಡುತ್ತಾರೆ. ತೂಕ ಮಾತ್ರ ಯಾರೂ ನೋಡುವುದಿಲ್ಲ.

ನನ್ನ ಪ್ರಕಾರ ನೋಡಬೇಕಾದ ಕ್ರಮವೇ ಬೇರೆ. ದಿನಾ ಹೊರುವ ವಸ್ತುವಾದರೆ ಮೊದಲು ತೂಕ. ಆಮೇಲೆ ಅದು ಮಗುವಿನ ಕೈಗೆ ಒಗ್ಗುತ್ತದಾ ಅನ್ನುವುದು. ಬೆಲೆ ಮೂರನೆಯದು. ಈ ಕ್ರಮದಲ್ಲಿ ಹೋದರೆ ಬೆಲೆಯೂ ಸಾಮಾನ್ಯವಾಗಿ ಕಡಿಮೆಯೇ ಆಗುತ್ತದೆ.

ಅಂಗಡಿಗೆ ಹೊರಡುವ ಮೊದಲು ಹೋದ ವರ್ಷದ ಪುಸ್ತಕಗಳನ್ನು ಒಮ್ಮೆ ಹರವಿ ನೋಡಿ. ಸಮಾಜ ವಿಜ್ಞಾನದ ನೋಟ್ಸ್ ಮುಕ್ಕಾಲು ತುಂಬಿರುತ್ತದೆ. ಚಿತ್ರಕಲೆಯದು ಹತ್ತು ಹಾಳೆ ದಾಟಿರುವುದಿಲ್ಲ. ಯಾವ ವಿಷಯಕ್ಕೆ ನಿಜವಾಗಿ ಎಷ್ಟು ಪುಟ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಎಲ್ಲೂ ಸಿಗದು. ಉಳಿದ ಖಾಲಿ ಹಾಳೆಗಳನ್ನು ಕಿತ್ತು ಜೋಡಿಸಿ, ದಬ್ಬಣದಲ್ಲಿ ಮೂರು ತೂತು ಹೊಡೆದು ದಾರ ಎಳೆದರೆ ವರ್ಷದ ರಫ್ ಬುಕ್ ತಯಾರು. ದಾರ ಹೊಲಿಯಲು ಪುರುಸೊತ್ತಿಲ್ಲದಿದ್ದರೆ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿ.

ನೋಟ್‌ಬುಕ್: ಇಲ್ಲೇ ಜಾಸ್ತಿ ಯೋಚಿಸಬೇಕು

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಗಳಲ್ಲಿ ಎರಡು ಮುಖ್ಯ. ಕಿಂಗ್ ಸೈಜ್ ಅಂದರೆ 24 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ. ಲಾಂಗ್ ಬುಕ್ ಅಂದರೆ ಎ4 ಹಾಳೆಯಷ್ಟು, 29.7 ಸೆಂ.ಮೀ. ಉದ್ದ, 21 ಸೆಂ.ಮೀ. ಅಗಲ. ಕಾಗದದ ದಪ್ಪವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಜಿಎಸ್‌ಎಂ. ಒಳ್ಳೆಯ ಕಂಪನಿಗಳು ಇದನ್ನು ಹಿಂದಿನ ರಟ್ಟಿನ ಮೇಲೆ ಹಾಕಿರುತ್ತವೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಇನ್ನೂರು ಪುಟ ಅಂದರೆ ನೂರು ಹಾಳೆ. ಕಿಂಗ್ ಸೈಜಿನ ನೂರು ಹಾಳೆಯನ್ನು ನೆಲಕ್ಕೆ ಹಾಸಿದರೆ 4.32 ಚದರ ಮೀಟರ್. 60 ಜಿಎಸ್‌ಎಂ ಕಾಗದವಾದರೆ ಸುಮಾರು 260 ಗ್ರಾಂ, ರಟ್ಟಿನ ತೂಕ ಬೇರೆ. ಲಾಂಗ್ ಬುಕ್ಕಾದರೆ ಅಷ್ಟೇ ಪುಟಕ್ಕೆ ಸುಮಾರು 375 ಗ್ರಾಂ. ಒಂದು ದಿನಕ್ಕೆ ಆರು ವಿಷಯದ ಇನ್ನೂರು ಪುಟದ ಕಿಂಗ್ ಸೈಜ್ ಹೊತ್ತರೆ ಒಂದೂವರೆ ಕೇಜಿ ದಾಟಿತು. ನೂರು ಪುಟದ್ದಾದರೆ ಮುಕ್ಕಾಲು ಕೇಜಿಯ ಆಸುಪಾಸು. ಇನ್ನೂರು ಪುಟದ ಲಾಂಗ್ ಬುಕ್ಕೇ ಬೇಕು ಅಂದರೆ ಆರು ನೋಟ್‌ಬುಕ್ಕುಗಳಿಂದಲೇ ಎರಡೂಕಾಲು ಕೇಜಿ. ಪಠ್ಯಪುಸ್ತಕ, ಊಟದ ಡಬ್ಬಿ, ನೀರಿನ ಬಾಟಲಿ ಇನ್ನೂ ಚೀಲಕ್ಕೆ ಇಳಿದೇ ಇಲ್ಲ.

2019ರಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಆದೇಶದ ಪ್ರಕಾರ ಶಾಲೆಯ ಚೀಲ 1 ಮತ್ತು 2ನೇ ತರಗತಿಗೆ ಒಂದೂವರೆಯಿಂದ 2 ಕೇಜಿ, 3ರಿಂದ 5ಕ್ಕೆ 2ರಿಂದ 3 ಕೇಜಿ, 6ರಿಂದ 8ಕ್ಕೆ 3ರಿಂದ 4, 9 ಮತ್ತು 10ಕ್ಕೆ 4ರಿಂದ 5 ಕೇಜಿ ಒಳಗಿರಬೇಕು. ಅಂದರೆ ನಾಲ್ಕನೇ ತರಗತಿಯ ಮಗು ಆರು ಲಾಂಗ್ ಬುಕ್ ಹೊತ್ತರೆ ಮಿತಿಯ ಬಹುಪಾಲು ಅಲ್ಲೇ ಮುಗಿದುಹೋಗುತ್ತದೆ. ಆದೇಶ ಎಲ್ಲ ಶಾಲೆಗಳಲ್ಲಿ ಎಷ್ಟರಮಟ್ಟಿಗೆ ನಡೆಯುತ್ತದೆ ಅಂತ ಕೇಳಬೇಡಿ. ಮನೆಯ ತಕ್ಕಡಿ ಮಾತ್ರ ಸುಳ್ಳು ಹೇಳುವುದಿಲ್ಲ.

ಹಾಗಾಗಿ ಏಳನೇ ತರಗತಿವರೆಗೆ ನನ್ನ ಆಯ್ಕೆ ನೂರು ಪುಟದ ಕಿಂಗ್ ಸೈಜ್. ಒಂದು ಮುಗಿದ ಮೇಲೆ ಇನ್ನೊಂದು. "ನೂರು ಪುಟದ್ದು ತಗೊಂಡ್ರೆ ದುಬಾರಿ ಆಗಲ್ವಾ?" ಅಂತ ಕೇಳುವವರಿದ್ದಾರೆ. ಹೌದು, ಒಂದು ಪುಟದ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿ ಬೀಳುತ್ತದೆ. ಆದರೆ ಇನ್ನೂರು ಪುಟದ್ದರಲ್ಲಿ ಎಂಬತ್ತು ಪುಟ ಬರೆಯದೆ ಬಿಟ್ಟರೆ ಆ ಲಾಭ ಎಲ್ಲಿ ಬಂತು? ಇನ್ನೂ ಒಂದು ವಿಷಯವಿದೆ. ಪುಸ್ತಕ ಕಳೆದುಹೋದರೆ, ಮಳೆಯಲ್ಲಿ ನೆನೆದರೆ, ಹೋಗುವುದು ಅರ್ಧ ವರ್ಷದ ನೋಟ್ಸ್ ಮಾತ್ರ.

ಇನ್ನೂರು ಪುಟದ್ದು ಸರಿಹೊಂದುವುದು ಗಣಿತಕ್ಕೆ. ಎಂಟನೇ ತರಗತಿಯಿಂದ ಮೇಲೆ ಲೆಕ್ಕದ ಪುಸ್ತಕ ಹೇಗೂ ತುಂಬುತ್ತದೆ. ಪಿಯುಸಿಯವರು ಲಾಂಗ್ ಬುಕ್ ತಗೊಳ್ಳಲಿ. ಭೌತಶಾಸ್ತ್ರದ ಡೆರಿವೇಶನ್, ಜೀವಶಾಸ್ತ್ರದ ಚಿತ್ರ, ಅಕೌಂಟೆನ್ಸಿಯ ಎರಡು ಬದಿಯ ಲೆಡ್ಜರ್, ಇವಕ್ಕೆಲ್ಲ ಅಗಲ ಬೇಕೇ ಬೇಕು. ಕಿಂಗ್ ಸೈಜಿನಲ್ಲಿ ಅಕೌಂಟ್ಸ್ ಬರೆಯುವುದು ಸುಮ್ನೆ ತಲೆನೋವು.

ಕೊಳ್ಳುವಾಗ ಹಿಂದಿನ ರಟ್ಟನ್ನು ಓದಿ. "ಇನ್ನೂರು ಪುಟದ್ದು ಕೊಡಿ" ಅಂದರೆ ಅಂಗಡಿಯವರು 172 ಪುಟದ್ದನ್ನೋ 180 ಪುಟದ್ದನ್ನೋ ಕೊಡುವುದು ಮಾಮೂಲು. ಮೋಸ ಅಂತಲ್ಲ, ಕಂಪನಿಗಳೇ ಹಾಗೆ ಮಾಡುತ್ತವೆ, ಪುಟಗಳ ಸಂಖ್ಯೆ ಹಾಕಿಯೂ ಇರುತ್ತವೆ. ಕೆಲವು ಪುಸ್ತಕಗಳಲ್ಲಿ ಮುದ್ರಿತ ಮಾಹಿತಿ ಪುಟಗಳೂ ಆ ಲೆಕ್ಕದಲ್ಲೇ ಸೇರಿರುತ್ತವೆ. ಎಂಆರ್‌ಪಿಯನ್ನು ಪುಟದಿಂದ ಭಾಗಿಸಿದರೆ ಯಾವುದು ಅಗ್ಗ ಅಂತ ತಕ್ಷಣ ಗೊತ್ತಾಗುತ್ತದೆ. ಮಗುವಿನ ಕೈಲೇ ಈ ಭಾಗಾಕಾರ ಮಾಡಿಸಿ.

ಕಾಗದ ಪರೀಕ್ಷಿಸಲು ಮಗು ದಿನಾ ಬರೆಯುವ ಪೆನ್ನನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯವರನ್ನು ಕೇಳಿ ಒಂದು ಮಾದರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ಸಾಲು ಬರೆಯಿರಿ. ಹಾಳೆ ತಿರುಗಿಸಿ. ಅಕ್ಷರದ ನೆರಳು ಕಂಡರೆ ಪರವಾಗಿಲ್ಲ, ಶಾಯಿಯ ಚುಕ್ಕೆ ಮೂಡಿದರೆ ಬೇಡ. ಅಕ್ಷರದ ಅಂಚು ನೋಡಿ, ಶಾಯಿ ಎಳೆ ಎಳೆಯಾಗಿ ಹರಡಿದ್ದರೆ ಅದೂ ಬೇಡ. ಬಾಲ್ ಪೆನ್ನಿಗೆ 54ರಿಂದ 60 ಜಿಎಸ್‌ಎಂ ಧಾರಾಳ ಸಾಕು. ಇಂಕ್ ಪೆನ್ನಿನವರಿಗೆ 70 ಇದ್ದರೆ ಒಳ್ಳೆಯದು, ಆದರೆ ಅದಕ್ಕೆ ತಕ್ಕಂತೆ ತೂಕವೂ ಏರುತ್ತದೆ.

ಹೊಲಿಗೆಯ ವಿಷಯಕ್ಕೆ ಬಂದರೆ, ಪಿನ್ ಹೊಡೆದ ಪುಸ್ತಕ ನೂರು ಪುಟದವರೆಗೆ ಸರಿ. ಅದಕ್ಕಿಂತ ದಪ್ಪವಾದರೆ ನಡುವಿನ ಹಾಳೆಗಳು ದೀಪಾವಳಿ ಹೊತ್ತಿಗೆ ಕಳಚಿ ಬರುತ್ತವೆ. ಕರಾವಳಿ, ಮಲೆನಾಡಿನಲ್ಲಿ ಪಿನ್ನು ತುಕ್ಕು ಹಿಡಿದು ಹಾಳೆಗೆ ಕಂದು ಕಲೆ ಬೀಳುವುದೂ ಉಂಟು. ದಪ್ಪ ಪುಸ್ತಕಕ್ಕೆ ದಾರದ ಹೊಲಿಗೆಯೇ ಆಗಬೇಕು. ಸ್ಪೈರಲ್ ನೋಡಲು ಚೆನ್ನ, ಪೂರ್ತಿ ಮಡಚಬಹುದು, ಆದರೆ ಚೀಲದಲ್ಲಿ ತಂತಿ ನಜ್ಜುಗುಜ್ಜಾಗುತ್ತದೆ. ಹಾಳೆ ಕೀಳುವುದು ಸುಲಭ ಅನ್ನುವುದೇ ಚಿಕ್ಕ ಮಕ್ಕಳ ಮಟ್ಟಿಗೆ ಅದರ ದೋಷ.

ಗೆರೆಯ ಬಗ್ಗೆ ಒಂದೇ ಮಾತು: ಇಂಗ್ಲಿಷ್ ಕಾಪಿಗೆ ನಾಲ್ಕು ಗೆರೆ, ಕನ್ನಡ ಕಾಪಿಗೆ ಎರಡು ಗೆರೆ. ಕನ್ನಡದ ಒತ್ತಕ್ಷರ ಕೆಳಗಿಳಿಯುತ್ತದೆ, ಹಾಗಾಗಿ ಎರಡು ಜೋಡಿಗೆರೆಗಳ ನಡುವೆ ಜಾಗ ಧಾರಾಳವಾಗಿರುವ ಪುಸ್ತಕ ನೋಡಿ ತಗೊಳ್ಳಿ.

ನೋಟ್‌ಬುಕ್ಕೋ, ಬಿಡಿ ಹಾಳೆಯೋ?

ಇದು ಪಿಯುಸಿ, ಡಿಗ್ರಿಯವರ ಪ್ರಶ್ನೆ. ಬಿಡಿ ಹಾಳೆಯಲ್ಲಿ ಬರೆದು ಫೈಲಿಗೆ ಹಾಕುವ ಪದ್ಧತಿಯಲ್ಲಿ ದಿನಾ ಹೊರುವುದು ಹತ್ತಿಪ್ಪತ್ತು ಹಾಳೆ ಮಾತ್ರ. 80 ಜಿಎಸ್‌ಎಂನ ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ, ಇಪ್ಪತ್ತಕ್ಕೆ ನೂರೇ ಗ್ರಾಂ. ಬಿಟ್ಟುಹೋದ ತರಗತಿಯ ನೋಟ್ಸನ್ನು ಆಮೇಲೆ ಸರಿಯಾದ ಜಾಗದಲ್ಲಿ ಸೇರಿಸಬಹುದು. ಆದರೆ ಇದಕ್ಕೆ ಸಂಜೆ ಬಂದ ತಕ್ಷಣ ಹಾಳೆಗೆ ದಿನಾಂಕ, ವಿಷಯ ಬರೆದು ಫೈಲಿಗೆ ಸೇರಿಸುವ ಅಭ್ಯಾಸ ಬೇಕು. ಆ ಅಭ್ಯಾಸ ಇಲ್ಲದವರ ಬಿಡಿ ಹಾಳೆ ಒಂದೇ ತಿಂಗಳಲ್ಲಿ ಹಾಸಿಗೆ ಕೆಳಗೆ, ಕಿಟಕಿ ಮೇಲೆ, ಗೆಳೆಯರ ರೂಮಿನಲ್ಲಿ ಇರುತ್ತದೆ. ಹೈಸ್ಕೂಲಿನ ಮಕ್ಕಳಿಗಂತೂ ಬೇಡವೇ ಬೇಡ, ಅಲ್ಲಿ ನೋಟ್ಸ್ ತಿದ್ದಿಸಿ ಸಹಿ ಹಾಕಿಸಬೇಕು.

ಪೆನ್ನು

ಬಾಲ್ ಪೆನ್ನಿನ ಶಾಯಿ ಎಣ್ಣೆಯ ಅಂಶದ್ದು, ಮಂದ. ಬೇಗ ಒಣಗುತ್ತದೆ, ನೀರು ಬಿದ್ದರೂ ಅಷ್ಟಾಗಿ ಹರಡುವುದಿಲ್ಲ, ಒಂದು ರೀಫಿಲ್ ಬಹಳ ದಿನ ಬರುತ್ತದೆ. ಆದರೆ ಒತ್ತಿ ಬರೆಯಬೇಕು. ಜೆಲ್ ಪೆನ್ನಿನ ಶಾಯಿ ನೀರಿನ ಅಂಶದ್ದು. ಕೈ ಹಗುರಾಗಿ ಓಡುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಆದರೆ ಬೇಗ ಖಾಲಿಯಾಗುತ್ತದೆ, ಮತ್ತು ಜುಲೈನ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಒಣಗಲು ಸಮಯ ತೆಗೆದುಕೊಳ್ಳುತ್ತದೆ. ಎಡಗೈಯಲ್ಲಿ ಬರೆಯುವ ಮಕ್ಕಳ ಅಂಗೈ ಬದಿ ಬರೆದ ಸಾಲಿನ ಮೇಲೆಯೇ ಜಾರುತ್ತದೆ. ಅವರಿಗೆ ಜೆಲ್ ಕೊಟ್ಟರೆ ಪುಟವೂ ನೀಲಿ, ಕೈಯೂ ನೀಲಿ.

ಈ ಎರಡರ ನಡುವಿನದು ಈಗ ಬಂದಿರುವ ತೆಳು ಶಾಯಿಯ ಬಾಲ್ ಪೆನ್ನುಗಳು. ಹತ್ತು ರೂಪಾಯಿ ಆಸುಪಾಸಿನಲ್ಲಿ ಸಿಗುತ್ತವೆ. ಜೆಲ್ಲಿನಷ್ಟು ಅಲ್ಲದಿದ್ದರೂ ಹಗುರಾಗಿ ಓಡುತ್ತವೆ, ಒಣಗುವುದು ಬಾಲ್ ಪೆನ್ನಿನ ಹಾಗೆ. ಮೂರು ಗಂಟೆ ಎಡೆಬಿಡದೆ ಬರೆಯುವ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ನಾನು ಇದನ್ನೇ ಹೇಳುವುದು. 0.7 ಮಿ.ಮೀ. ಮೊನೆ ಸಾಕು. 0.5 ತೀರಾ ಸಣ್ಣ, ತೆಳು ಕಾಗದವನ್ನು ಗೀರುತ್ತದೆ. ಸಣ್ಣ ಅಕ್ಷರ ಬರೆಯುವವರಿಗೆ ಮಾತ್ರ ಅದು ಚೆನ್ನ.

ಇಂಕ್ ಪೆನ್ನಿನ ಮೇಲೆ ನನಗೆ ಪ್ರೀತಿ ಇದೆ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಳೆದು ಕೇಳಿ. ಒತ್ತಿ ಬರೆಯುವ ಮಗುವಿನ ಕೈ ಸಡಿಲ ಮಾಡಿಸಲು ಇಂಕ್ ಪೆನ್ನಿನಂಥದ್ದು ಇನ್ನೊಂದಿಲ್ಲ, ಒತ್ತಿದರೆ ನಿಬ್ಬೇ ಬಾಯಿ ಬಿಡುತ್ತದೆ. ಪೆನ್ನು ವರ್ಷಗಟ್ಟಲೆ ಬರುತ್ತದೆ, ಶಾಯಿ ಬಾಟಲಿ ಅಗ್ಗ. ಬಿಳಿ ಸಮವಸ್ತ್ರದ ಜೇಬಿನ ಕಲೆ, ಅಗ್ಗದ ನೋಟ್‌ಬುಕ್ಕಿನಲ್ಲಿ ಹರಡುವ ಅಕ್ಷರ, ಇವು ಇನ್ನೊಂದು ಬದಿ. ಮನೆಯಲ್ಲಿ ಕಾಪಿ ಬರೆಯಲು ಒಂದು ಇರಲಿ, ಪರೀಕ್ಷೆಗೆ ಕಡ್ಡಾಯ ಮಾಡಬೇಡಿ.

ಪರೀಕ್ಷೆಯ ವಿಷಯದಲ್ಲಿ ಎರಡು ಎಚ್ಚರ. ಸಿಇಟಿಯ ಓಎಂಆರ್ ಹಾಳೆಗೆ ನೀಲಿ ಅಥವಾ ಕಪ್ಪು ಬಾಲ್ ಪೆನ್ನೇ ಆಗಬೇಕು, ಜೆಲ್ ಅಲ್ಲ. ಇನ್ನೊಂದು, ಅಳಿಸಬಹುದಾದ ಜೆಲ್ ಪೆನ್ನು ಅಂತ ಬರುತ್ತವಲ್ಲ, ಹಿಂದಿನ ರಬ್ಬರ್ ತುದಿಯಿಂದ ಉಜ್ಜಿದರೆ ಅಕ್ಷರ ಮಾಯವಾಗುವಂಥದ್ದು. ಅಲ್ಲಿ ಶಾಯಿಯನ್ನು ಮಾಯ ಮಾಡುವುದು ಉಜ್ಜಿದಾಗ ಹುಟ್ಟುವ ಬಿಸಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಆ ನೋಟ್ಸ್ ಬಿಟ್ಟುಬಂದರೆ ಪುಟವೇ ಖಾಲಿಯಾಗಬಹುದು. ರಫ್ ಬುಕ್ಕಿಗೆ ಸರಿ, ಉತ್ತರ ಪತ್ರಿಕೆಗೆ ಖಂಡಿತ ಬೇಡ.

ಬೆಲೆಯ ಬಗ್ಗೆ ಒಂದು ಮಾಹಿತಿ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಮೆಂಡರ್, ಕ್ರೇಯಾನ್‌ಗಳಿಗೆ ಜಿಎಸ್‌ಟಿ ಇಲ್ಲ. ಜಾಮಿಟ್ರಿ ಬಾಕ್ಸಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಪೆನ್ನಿಗೆ ಮಾತ್ರ ಶೇ 18 ಹಾಗೇ ಇದೆ. ಒಂದೇ ಪೆನ್ನಿಟ್ಟುಕೊಂಡು ರೀಫಿಲ್ ಬದಲಿಸಲು ಇನ್ನೊಂದು ಕಾರಣ ಸಿಕ್ಕಿತು.

ಪೆನ್ಸಿಲ್, ರಬ್ಬರ್, ಮೆಂಡರ್

ಪೆನ್ಸಿಲ್ ಮೇಲಿನ ಎಚ್ ಅಂದರೆ ಗಟ್ಟಿ, ಬಿ ಅಂದರೆ ಕಪ್ಪು. ಬರವಣಿಗೆಗೆ ಎಚ್‌ಬಿ. ಒತ್ತಲು ಇನ್ನೂ ಕೈ ಬಾರದ ಒಂದನೇ ತರಗತಿಯ ಮಗುವಿಗೆ 2ಬಿ ಕೊಟ್ಟರೆ ಅಕ್ಷರ ಕಾಣುತ್ತದೆ, ಬೆರಳೂ ನೋಯುವುದಿಲ್ಲ. ಮೂರು ಮೂಲೆಯ ಪೆನ್ಸಿಲ್ ಹಿಡಿತ ಕಲಿಯುವವರಿಗೆ ಚೆನ್ನ, ಬೆಂಚಿನಿಂದ ಉರುಳುವುದೂ ಇಲ್ಲ. ನಟರಾಜ್ ಮೇಲೋ, ಅಪ್ಸರಾ ಮೇಲೋ ಅಂತ ಜಗಳಾಡುವವರಿಗೆ: ಎರಡೂ ಹಿಂದೂಸ್ತಾನ್ ಪೆನ್ಸಿಲ್ಸ್ ಕಂಪನಿಯವೇ.

ಮೆಕ್ಯಾನಿಕಲ್ ಪೆನ್ಸಿಲ್ ಐದನೇ ತರಗತಿ ದಾಟಿದ ಮೇಲೆ, ಅದೂ 0.7 ಕಡ್ಡಿಯದು. ಹಣ್ಣಿನ ವಾಸನೆಯ, ಕೇಕಿನ ಆಕಾರದ ರಬ್ಬರ್‌ಗಳು ಅಳಿಸುವುದಕ್ಕಿಂತ ಬಳಿಯುವುದೇ ಜಾಸ್ತಿ, ಚಿಕ್ಕವರು ಬಾಯಿಗೂ ಹಾಕಿಕೊಳ್ಳುತ್ತಾರೆ. ಮೆತ್ತನೆಯ ಬಿಳಿ ರಬ್ಬರ್ ಸಾಕು. ಎರಡು ತುಂಡು ಮಾಡಿ ಒಂದನ್ನು ಮನೆಯಲ್ಲಿಡಿ. ಹೇಗೂ ಕಳೆಯುತ್ತದೆ, ಅರ್ಧವೇ ಕಳೆಯಲಿ.

ಕಂಪಾಸ್ ಬಾಕ್ಸ್: ಪೂರ್ತಿ ಸೆಟ್ಟೋ, ಬಿಡಿಯೋ?

ಅಂಗಡಿಯಲ್ಲಿ ಬಾಕ್ಸ್ ತೆರೆದು ಮೊದಲು ಕೈವಾರವನ್ನೇ ಎತ್ತಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ. ಮೇಲಿನ ತಿರುಪು ಬಿಗಿಯಾಗಿದೆಯಾ, ಕಾಲುಗಳನ್ನು 5 ಸೆಂ.ಮೀ. ಅಗಲಿಸಿ ಬಿಟ್ಟರೆ ಹಾಗೇ ನಿಲ್ಲುತ್ತದಾ ನೋಡಿ. ಪೆನ್ಸಿಲ್ ಸಿಕ್ಕಿಸಿ ಒಂದು ವೃತ್ತ ಎಳೆಯಿರಿ. ಶುರು ಮಾಡಿದ ಚುಕ್ಕೆಗೇ ಗೆರೆ ಬಂದು ಸೇರಿದರೆ ಕೊಳ್ಳಿ. ಪಕ್ಕದಲ್ಲಿ ಹಾದುಹೋದರೆ ಆ ಕೈವಾರ ಅಂಕ ಕಳೆಯುತ್ತದೆ. ಕೋನಮಾಪಕದ ಅಂಕಿಗಳು ಉಗುರಿನಿಂದ ಕೆರೆದರೆ ಏಳಬಾರದು. ಸ್ಕೇಲಿನ ಸೊನ್ನೆ ಅಂಚಿನಿಂದಲೇ ಶುರುವಾಗುತ್ತದೋ, ಸ್ವಲ್ಪ ಬಿಟ್ಟು ಶುರುವಾಗುತ್ತದೋ ಅಂತ ಮಗುವಿಗೆ ತೋರಿಸಿ ಕೊಡಿ, ಅಳತೆ ತಪ್ಪುವುದು ಅಲ್ಲೇ.

ಐದು, ಆರನೇ ತರಗತಿಗೆ ಅಗ್ಗದ ಸೆಟ್ ಸಾಕು. ಎಂಟನೇ ತರಗತಿಯಿಂದ ಒಳ್ಳೆಯ ಕೈವಾರವೊಂದನ್ನು ಬಿಡಿಯಾಗಿ ತಗೊಂಡು ಹಳೆಯ ಡಬ್ಬಿಗೇ ಹಾಕುವುದು ಜಾಣತನ. ಡಬ್ಬಿ ತಗಡಿನದೇ ಇರಲಿ. ಪೌಚಿನಲ್ಲಿ ಕೋನಮಾಪಕ ಎರಡು ತುಂಡಾಗದೆ ವರ್ಷ ಕಳೆದದ್ದು ಅಪರೂಪ.

ಚೀಲ ಮತ್ತು ಬೈಂಡು

ಚೀಲದಲ್ಲಿ ಜಿಪ್ಪನ್ನೂ ಪಟ್ಟಿಯ ಹೊಲಿಗೆಯನ್ನೂ ನೋಡಿ. ಪಟ್ಟಿ ಚೀಲಕ್ಕೆ ಸೇರುವ ಜಾಗದಲ್ಲಿ ಅಡ್ಡಡ್ಡ ಹೊಲಿಗೆ ಇರಬೇಕು. ಎರಡು ಅಗಲವಾದ ಭುಜದ ಪಟ್ಟಿ, ಬೆನ್ನಿಗೆ ಮೆತ್ತೆ. ಖಾಲಿ ಚೀಲವೇ ಒಂದು ಕೇಜಿ ತೂಗಿದರೆ ಅಲ್ಲೇ ಇಟ್ಟು ಬನ್ನಿ. ಗಾಲಿ ಚೀಲ ನಮ್ಮ ಮೆಟ್ಟಿಲು, ಮಣ್ಣುರಸ್ತೆಗಳಿಗೆ ಆಗಿಬರುವುದಿಲ್ಲ. ಹೆಚ್ಚು ಅರೆಗಳಿದ್ದಷ್ಟೂ ಹಳೆ ಚಿಕ್ಕಿ ಕಾಗದ ಸಿಗುವ ಜಾಗಗಳೂ ಹೆಚ್ಚು.

ಬೈಂಡ್ ಹಾಕಲು ಬ್ರೌನ್ ಪೇಪರ್, ಪ್ಲಾಸ್ಟಿಕ್ ಕವರ್, ಹಳೆ ಕ್ಯಾಲೆಂಡರ್ ಮೂರೂ ಇವೆ. ಶಾಲೆ ಒತ್ತಾಯ ಮಾಡದಿದ್ದರೆ ನನ್ನ ವೋಟು ಕ್ಯಾಲೆಂಡರಿಗೆ. ದಪ್ಪ, ಗಟ್ಟಿ, ಬಿಟ್ಟಿ. ಬಿಳಿ ಬದಿ ಹೊರಗೆ ಬರುವಂತೆ ಹಾಕಿ. ಮಳೆ ಜೋರಿರುವ ಊರಿನಲ್ಲಿ ಮಾತ್ರ ಮೇಲೆ ಪ್ಲಾಸ್ಟಿಕ್ ಬೇಕು. ಚೀಲದ ಒಳಗೇ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ಇಟ್ಟು ಪುಸ್ತಕವನ್ನೆಲ್ಲ ಅದರೊಳಗೆ ಇಳಿಸಿದರೆ ಒಂದೊಂದಕ್ಕೂ ಬೇರೆ ಹಾಕುವ ಕೆಲಸವೂ ಉಳಿಯುತ್ತದೆ.

ಜೋಡಿಸುವುದು ಹೇಗೆ

ಓದುವ ಮೇಜು ಎಲ್ಲರ ಮನೆಯಲ್ಲಿ ಇರುವುದಿಲ್ಲ. ಗೋಡೆಯ ಗೂಡು, ಒಂದು ಷೆಲ್ಫಿನ ಅರೆ, ಜೆರಾಕ್ಸ್ ಅಂಗಡಿಯಲ್ಲಿ ಕೇಳಿದರೆ ಸಿಗುವ ಎ4 ಕಾಗದದ ರಟ್ಟಿನ ಡಬ್ಬ, ಯಾವುದಾದರೂ ಆದೀತು. ಪುಸ್ತಕವನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಬೇಕು, ಬೆನ್ನು ಕಾಣುವಂತೆ. ಪೇರಿಸಿದರೆ ಬೇಕಾದದ್ದು ಯಾವಾಗಲೂ ತಳದಲ್ಲೇ ಇರುತ್ತದೆ.

ಜೋಡಿಸಲು ಎರಡು ದಾರಿ. ಪಠ್ಯಪುಸ್ತಕ ಒಂದು ಕಡೆ, ನೋಟ್‌ಬುಕ್ ಇನ್ನೊಂದು ಕಡೆ ಇಡುವುದು ಒಂದು. ವಿಷಯವಾರು, ಅಂದರೆ ವಿಜ್ಞಾನದ ಪಠ್ಯ, ನೋಟ್ಸ್, ಹೋಮ್‌ವರ್ಕ್ ಎಲ್ಲ ಒಟ್ಟಿಗೆ ಇಡುವುದು ಇನ್ನೊಂದು. ಮೊದಲನೆಯದು ನೋಡಲು ಅಚ್ಚುಕಟ್ಟು. ಎರಡನೆಯದು ಕೆಲಸಕ್ಕೆ ಬರುತ್ತದೆ, ವೇಳಾಪಟ್ಟಿ ನೋಡಿಕೊಂಡು ಒಂದೇ ಕೈಯಲ್ಲಿ ಎತ್ತಿ ಚೀಲಕ್ಕೆ ಹಾಕಬಹುದು. ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣದ ಲೇಬಲ್ ಅಂಟಿಸಿದರೆ ಒಂದನೇ ತರಗತಿಯ ಮಗುವೂ ತಾನೇ ಚೀಲ ತುಂಬಿಕೊಳ್ಳುತ್ತದೆ. ಲೇಬಲ್ ಮುಖಪುಟಕ್ಕಷ್ಟೇ ಅಲ್ಲ, ಬೆನ್ನಿಗೂ ಬೇಕು.

ಚೀಲ ತುಂಬುವುದು ರಾತ್ರಿಯ ಕೆಲಸ. ಭಾರದ ಪುಸ್ತಕ ಬೆನ್ನಿನ ಕಡೆಗೆ, ಹಗುರದ್ದು ಹೊರಗೆ. ಟೆಸ್ಟ್ ಪೇಪರ್, ಸುತ್ತೋಲೆ, ಫೀಸ್ ರಸೀದಿಗೆ ಒಂದು ಪಾರದರ್ಶಕ ಬಟನ್ ಫೈಲ್ ಚೀಲದಲ್ಲಿರಲಿ. ತಿಂಗಳಿಗೊಮ್ಮೆ ಅದನ್ನು ಖಾಲಿ ಮಾಡಿ ಮನೆಯ ದಾರದ ಫೈಲಿಗೆ ಸೇರಿಸಿ. ತಿಂಗಳ ಮೂರನೇ ಶನಿವಾರ ಚೀಲವಿಲ್ಲದ ದಿನ ಅಂತ ಆಚರಿಸುವ ಶಾಲೆಯಾದರೆ ಆ ಮಧ್ಯಾಹ್ನವೇ ಇದಕ್ಕೆ ಸರಿ.

ಪಠ್ಯಪುಸ್ತಕದ ಭಾರ ಇಳಿಸಲು ಇನ್ನೊಂದು ದಾರಿ ಇದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ರಾಜ್ಯ ಪಠ್ಯಕ್ರಮದ ಪುಸ್ತಕಗಳ ಪಿಡಿಎಫ್ ಉಚಿತವಾಗಿ ಸಿಗುತ್ತವೆ. ಶಾಲೆಯವರು ಒಪ್ಪಿದರೆ ಮುದ್ರಿತ ಪ್ರತಿಯನ್ನು ಶಾಲೆಯಲ್ಲೇ ಬಿಟ್ಟು ಮನೆಯಲ್ಲಿ ಪಿಡಿಎಫ್ ನೋಡಬಹುದು. ಇಬ್ಬರು ಬೆಂಚಿನ ಜೊತೆಗಾರರು ಒಬ್ಬೊಬ್ಬರು ಅರ್ಧರ್ಧ ಪುಸ್ತಕ ತರುವುದೂ ನಡೆಯುತ್ತದೆ, ಒಬ್ಬರಿಗೆ ಜ್ವರ ಬರುವವರೆಗೆ.

ಹಾಸ್ಟೆಲಿಗೆ ಹೋಗುವ ಮಕ್ಕಳ ಲೆಕ್ಕವೇ ಬೇರೆ. ಅಲ್ಲಿ ಬೀಗ ಹಾಕುವ ಟ್ರಂಕೇ ಷೆಲ್ಫು. ರೀಫಿಲ್, ಪೆನ್ಸಿಲ್, ಖಾಲಿ ನೋಟ್‌ಬುಕ್ ದಸರಾ ರಜೆವರೆಗೆ ಸಾಕಾಗುವಷ್ಟು ತಳದಲ್ಲಿರಲಿ, ದಿನಬಳಕೆಯದು ಮೇಲೆ. ಸ್ಕೇಲು, ಕೈವಾರಕ್ಕೆ ಉಗುರುಬಣ್ಣದಲ್ಲಿ ಹೆಸರಿನ ಮೊದಲಕ್ಷರ ಬರೆದು ಕಳಿಸಿ, ಅದು ಸುಲಭಕ್ಕೆ ಅಳಿಯುವುದಿಲ್ಲ.

ಎಲ್ಲಿ ಕೊಳ್ಳುವುದು

ಬೆಂಗಳೂರಿನವರಿಗೆ ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ಇವೆ. ಡಜನ್ ಲೆಕ್ಕದಲ್ಲಿ ತಗೊಂಡರೆ ಎಂಆರ್‌ಪಿಗಿಂತ ಚೆನ್ನಾಗಿಯೇ ಇಳಿಯುತ್ತದೆ, ಎರಡು ಮೂರು ಮನೆಯವರು ಸೇರಿ ಹೋದರೆ ಬಸ್ ಚಾರ್ಜೂ ಗಿಟ್ಟುತ್ತದೆ. ಕೆಲವು ಕಾಲೇಜುಗಳ ಸಹಕಾರ ಸಂಘದ ಅಂಗಡಿಯಲ್ಲಿ ಲಾಂಗ್ ಬುಕ್ ಹೊರಗಿಗಿಂತ ಅಗ್ಗ. ಆನ್‌ಲೈನಿನಲ್ಲಿ ಪೆನ್ನು, ರೀಫಿಲ್‌ಗಳ ಡಬ್ಬಿ ತರಿಸುವುದು ಲಾಭ, ನೋಟ್‌ಬುಕ್ ತರಿಸುವುದು ಅಷ್ಟಕ್ಕಷ್ಟೇ: ಕಾಗದ ಮುಟ್ಟಿ ನೋಡಲಾಗದು, ಮೂಲೆ ಮಡಚಿಕೊಂಡು ಬರುತ್ತವೆ. ಶಾಲೆಯಲ್ಲೇ ಕಿಟ್ ಕೊಡುತ್ತಾರೆ ಅಂದರೆ ಒಳಗೇನಿದೆ ಅಂತ ಬಿಡಿಬಿಡಿಯಾಗಿ ಕೇಳಿ ಹೊರಗಿನ ಬೆಲೆಗೆ ತಾಳೆ ನೋಡಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕವೂ ಸಮವಸ್ತ್ರವೂ ವಿದ್ಯಾವಿಕಾಸ ಯೋಜನೆಯಲ್ಲಿ ಉಚಿತವಾಗಿ ಬರುತ್ತವೆ. ಅವರ ಖರ್ಚು ನೋಟ್‌ಬುಕ್, ಪೆನ್ನು, ಚೀಲಕ್ಕಷ್ಟೇ.

ಎಲ್ಲಿ ಕೊಂಡರೂ ಪಟ್ಟಿಯನ್ನು ಒಂದೇ ದಿನ ಮುಗಿಸಬೇಡಿ. ಮೊದಲ ವಾರ ಮೇಷ್ಟ್ರು, ಟೀಚರ್ ಬಂದು "ನನಗೆ ಲಾಂಗ್ ಬುಕ್ಕೇ ಬೇಕು", "ಗೆರೆ ಇಲ್ಲದ್ದು ತನ್ನಿ" ಅನ್ನುವುದು ಇದ್ದೇ ಇದೆ. ವಿಷಯಕ್ಕೊಂದು ತಂದು ವಾರ ಕಾಯಿರಿ, ಬಿಲ್ ಇಟ್ಟುಕೊಳ್ಳಿ. ಬಳಸದ ನೋಟ್‌ಬುಕ್ ಬದಲಿಸಿಕೊಡುವ ಅಂಗಡಿಯವರು ಇದ್ದಾರೆ. ಹೆಸರು ಬರೆದ ಲೇಬಲ್ ಅಂಟಿಸಿದ ಮೇಲೆ ಮಾತ್ರ ಯಾರೂ ವಾಪಸ್ ತಗೊಳ್ಳುವುದಿಲ್ಲ.